ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಗದ್ಯಗ್ರಹಿಕೆ: ಅಭ್ಯಾಸಕ್ರಮ ಮತ್ತು ಗ್ರಾಮ ಪಂಚಾಯಿತಿ ಗ್ರಂಥಾಲಯದ ಪಾತ್ರ



ಭಾರತೀಯ ನಿರ್ವಹಣಾ ಸಂಸ್ಥೆಗಳ (ಐಐಎಂ) ಸ್ನಾತಕೋತ್ತರ ಪ್ರವೇಶಕ್ಕಾಗಿ ವರ್ಷಕ್ಕೊಮ್ಮೆ ‘ಕ್ಯಾಟ್’ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿನಲ್ಲಿಯೂ ಇಂತಹ ಒಂದು ಸಂಸ್ಥೆಯಿದೆ. ಯಾವುದೇ ಪದವಿಯಲ್ಲಿ ಶೇ. 50ರಷ್ಟು ಅಂಕ ಪಡೆದವರು ಈ ಪರೀಕ್ಷೆಗೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಹಾಗೂ ಅಂಗವಿಕಲರಿಗೆ ಶೇ. 45 ಸಾಕು. ಪದವಿಯ ಅಂತಿಮ ವರ್ಷದಲ್ಲಿರುವವರೂ ಅರ್ಜಿ ಸಲ್ಲಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಯಾವ ನಿರ್ಬಂಧವೂ ಇಲ್ಲ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ.

ಪರೀಕ್ಷೆಯಲ್ಲಿ ಮೂರು ಭಾಗಗಳಿದ್ದು, ಪ್ರತಿಯೊಂದಕ್ಕೂ 40 ನಿಮಿಷಗಳ ಅವಧಿಯಿದೆ. ಈಚಿನ ವರ್ಷಗಳಲ್ಲಿ ಇಂಗ್ಲಿಷ್ ಭಾಗದ 24 ಪ್ರಶ್ನೆಗಳ ಪೈಕಿ 16 ಪ್ರಶ್ನೆಗಳು ಗದ್ಯಗ್ರಹಿಕೆಗೆ ಸೇರಿದವು: ನಾಲ್ಕು ಗದ್ಯಭಾಗಗಳು, ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆಗಳು. ಪ್ರವೇಶದ ವೇಳೆ ಐಐಎಂಗಳು ಒಟ್ಟು ಅಂಕವನ್ನಲ್ಲದೆ ಪ್ರತಿ ಭಾಗದಲ್ಲಿಯೂ ಕನಿಷ್ಠ ಮಟ್ಟವನ್ನು ನಿರೀಕ್ಷಿಸುತ್ತವೆ. ಆದಕಾರಣ ಗಣಿತದಲ್ಲಿ ಮುಂದಿರುವ ಅಭ್ಯರ್ಥಿಯೂ ಈ ಒಂದು ಭಾಗದಲ್ಲಿ ಹಿಂದೆ ಬಿದ್ದರೆ ಅವಕಾಶದಿಂದ ವಂಚಿತರಾಗುವ ಸಾಧ್ಯತೆಯಿದೆ.

ಈ ಪ್ರಶ್ನೆಗಳು ಪದಸಂಪತ್ತಿಗಿಂತ ಹೆಚ್ಚಾಗಿ ವಿಚಾರದ ಜಾಡನ್ನು ಹಿಡಿಯುವ ಶಕ್ತಿಯನ್ನು ಪರೀಕ್ಷಿಸುತ್ತವೆ. ಉದಾಹರಣೆಗೆ ಒಂದು ಗದ್ಯಭಾಗದ ಸಾರ ಹೀಗಿದೆ ಎಂದು ಭಾವಿಸೋಣ: “ಕೆರೆಯ ಹೂಳು ತೆಗೆದರೆ ನೀರಿನ ಸಂಗ್ರಹ ಹೆಚ್ಚುತ್ತದೆ. ಆದರೆ ಮೇಲ್ಭಾಗದ ಜಮೀನುಗಳಿಂದ ಮಣ್ಣು ಕೊಚ್ಚಿ ಬರುವುದನ್ನು ತಡೆಯದಿದ್ದರೆ ಹೂಳು ಮತ್ತೆ ತುಂಬುತ್ತದೆ.” ಲೇಖಕರ ಮುಖ್ಯ ಅಭಿಪ್ರಾಯವೇನೆಂದು ಕೇಳಿ ನಾಲ್ಕು ಉತ್ತರಗಳನ್ನು ಕೊಡಲಾಗುತ್ತದೆ:

ಅ) ಹೂಳು ತೆಗೆಯುವುದು ವ್ಯರ್ಥ.
ಆ) ಕೆರೆಯ ಒತ್ತುವರಿಯನ್ನು ತೆರವುಗೊಳಿಸಬೇಕು.
ಇ) ಹೂಳು ತೆಗೆದರೆ ಸಂಗ್ರಹ ಹೆಚ್ಚುತ್ತದೆ.
ಈ) ಹೂಳೆತ್ತಿದ ಪ್ರಯೋಜನ ಉಳಿಯಬೇಕಾದರೆ ಮಣ್ಣಿನ ಸವಕಳಿಯನ್ನೂ ತಡೆಯಬೇಕು.

ಮೊದಲನೆಯದು ಅತಿರೇಕದ ಮಾತು. ಎರಡನೆಯದು ಒಳ್ಳೆಯ ಮಾತೇ ಆದರೂ ಗದ್ಯದಲ್ಲಿಲ್ಲ. ಮೂರನೆಯದು ಗದ್ಯದ ಅರ್ಧಭಾಗ ಮಾತ್ರ. ನಾಲ್ಕನೆಯದೇ ಸರಿಯುತ್ತರ. ‘ಆದರೆ’ ಎಂಬ ಪದದ ನಂತರ ಬಂದ ಮಾತೇ ಲೇಖಕರ ನಿಲುವು ಎಂಬುದನ್ನು ಗಮನಿಸಬೇಕು. ಇಂಗ್ಲಿಷಿನಲ್ಲಿ ‘ಬಟ್’, ‘ಹೌಎವರ್’, ‘ಯೆಟ್’ ಎಂಬ ಪದಗಳು ಇದೇ ಕೆಲಸ ಮಾಡುತ್ತವೆ. ತಮ್ಮ ಸ್ವಂತ ತಿಳಿವಳಿಕೆಯನ್ನು ಬದಿಗಿಟ್ಟು, ಗದ್ಯದಲ್ಲಿ ಇರುವುದನ್ನಷ್ಟೇ ಆಧರಿಸಿ ಉತ್ತರಿಸುವುದು ಅಭ್ಯರ್ಥಿಗಳು ಕಲಿಯಬೇಕಾದ ಮೊದಲ ಶಿಸ್ತು.

ಅಭ್ಯಾಸಕ್ಕೆ ಈ ಕೆಳಗಿನ ಕ್ರಮ ಉಪಯುಕ್ತವಾಗಿದೆ:

1. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ನಿಘಂಟು ನೋಡದೆ ಕೊನೆಯವರೆಗೂ ಓದಿ, ಅದರ ಸಾರವನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬರೆಯುವುದು. ಬಳಿಕವಷ್ಟೇ ತಿಳಿಯದ ಪದಗಳ ಅರ್ಥ ನೋಡುವುದು.

2. ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರ, ತತ್ತ್ವಶಾಸ್ತ್ರ ಮೊದಲಾದ ಅಪರಿಚಿತ ವಿಷಯಗಳ ಬರಹಗಳನ್ನು ಸರದಿಯಂತೆ ಓದುವುದು.

3. ಓದು ಹಿಡಿತಕ್ಕೆ ಬಂದ ಮೇಲೆ, ಗಡಿಯಾರವಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದು. ಒಂದು ಗದ್ಯಭಾಗ ಹಾಗೂ ಅದರ ಪ್ರಶ್ನೆಗಳಿಗೆ ಸುಮಾರು 7 ನಿಮಿಷ ಮೀರಬಾರದು.

4. ತಪ್ಪಿದ ಪ್ರತಿ ಉತ್ತರಕ್ಕೂ ಕಾರಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುವುದು. ಒಂದೇ ಬಗೆಯ ತಪ್ಪು ಮರುಕಳಿಸುತ್ತಿದ್ದರೆ ಅದು ಅಲ್ಲಿ ಗೋಚರಿಸುತ್ತದೆ.

ಸರಿಯುತ್ತರಕ್ಕೆ 3 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರಿಸಿದರೆ 1 ಅಂಕ ಕಡಿತ. ನಾಲ್ಕು ಪ್ರಶ್ನೆಗಳಿಗೆ ಕುರುಡಾಗಿ ಉತ್ತರಿಸಿ ಒಂದು ಸರಿಯಾದರೆ, ಗಳಿಸಿದ 3 ಅಂಕವೂ ಉಳಿದ ಮೂರು ತಪ್ಪುಗಳಲ್ಲಿ ಕಳೆದುಹೋಗುತ್ತದೆ. ಪ್ರತಿ ಪ್ರಶ್ನೆಯಲ್ಲಿಯೂ ಎರಡು ತಪ್ಪು ಉತ್ತರಗಳನ್ನು ಖಚಿತವಾಗಿ ತಳ್ಳಿಹಾಕಿ, ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿಯಲ್ಲಿ ಲಾಭವೇ ಹೆಚ್ಚು.

ಇದರಲ್ಲಿ ಪಂಚಾಯಿತಿಯ ಪಾತ್ರವೇನು ಎಂಬ ಪ್ರಶ್ನೆ ಸಹಜ. ನಗರದ ತರಬೇತಿ ಕೇಂದ್ರದ ಶುಲ್ಕ ಹಾಗೂ ವಸತಿವೆಚ್ಚವನ್ನು ಭರಿಸಲಾಗದ ಕುಟುಂಬದ ಪದವೀಧರರಿಗೆ ಗ್ರಾಮದ ಗ್ರಂಥಾಲಯವೇ ಆಸರೆ. ಮೇಲಿನ ಅಭ್ಯಾಸಕ್ಕೆ ಬೇಕಾದುದು ಒಂದು ಇಂಗ್ಲಿಷ್ ದಿನಪತ್ರಿಕೆ, ನಿಘಂಟು, ಅಂತರ್ಜಾಲವಿರುವ ಗಣಕಯಂತ್ರ ಮತ್ತು ಸದ್ದಿಲ್ಲದ ಒಂದು ಗಂಟೆ ಮಾತ್ರ. ಪರೀಕ್ಷೆಯ ಅಧಿಕೃತ ಜಾಲತಾಣದಲ್ಲಿ ಅಣಕು ಪರೀಕ್ಷೆಯೂ ಉಚಿತವಾಗಿ ದೊರೆಯುತ್ತದೆ.

ಆದ್ದರಿಂದ ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಗ್ರಂಥಾಲಯಕ್ಕೆ ಇಂಗ್ಲಿಷ್ ಪತ್ರಿಕೆ ತರಿಸುವ ಹಾಗೂ ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗುವಂತೆ ಸಂಜೆಯ ಓದಿನ ಅವಧಿ ನಿಗದಿಪಡಿಸುವ ವಿಷಯವನ್ನು ಚರ್ಚಿಸುವುದು ಸೂಕ್ತ. ತಮ್ಮ ವಾರ್ಡಿನ ಪದವೀಧರರನ್ನು, ವಿಶೇಷವಾಗಿ ಪದವಿಯ ನಂತರ ಮನೆಯಲ್ಲಿಯೇ ಉಳಿದಿರುವ ಹೆಣ್ಣುಮಕ್ಕಳನ್ನು, ಗ್ರಂಥಾಲಯ ಮೇಲ್ವಿಚಾರಕರಿಗೆ ಪರಿಚಯಿಸಬಹುದು. ಪರೀಕ್ಷೆಯು ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ನಡೆಯುತ್ತದೆ. ಅರ್ಜಿ ಸಲ್ಲಿಕೆ ಆಗಸ್ಟ್‌ನಲ್ಲಿ ಆರಂಭವಾಗುತ್ತದೆ. ಓದಿನ ರೂಢಿ ಬಲಗೊಳ್ಳಲು ತಿಂಗಳುಗಳೇ ಬೇಕಾಗುವುದರಿಂದ, ಅರ್ಜಿಯ ದಿನಾಂಕಕ್ಕೆ ಕಾಯದೆ ವರ್ಷದ ಆರಂಭದಲ್ಲಿಯೇ ಈ ವ್ಯವಸ್ಥೆಯನ್ನು ಕೈಗೊಳ್ಳುವುದು ಹಿತಕರ.