ನೆಟ್ಟಗಾದ ಗೊರಸು: ಅವಸರದ ಕತ್ತರಿಯೇ ಕುದುರೆಗೆ ಶತ್ರು

ಗೊರಸಿಲ್ಲದಿದ್ದರೆ ಕುದುರೆಯೇ ಇಲ್ಲ ಎಂಬುದು ಅಶ್ವಪಾಲಕರ ಹಳೆಯ ಮಾತು. ಕುದುರೆಯ ದೇಹಭಾರದ ಶೇ. 60ರಷ್ಟನ್ನು ಮುಂಗಾಲುಗಳೇ ಹೊರುತ್ತವೆ. ಅವುಗಳಲ್ಲಿ ಒಂದರ ಗೊರಸು ಹಿಮ್ಮಡಿ ಎತ್ತರಿಸಿಕೊಂಡು ನೆಟ್ಟಗೆ ಬೆಳೆದರೆ ಆ ದೋಷವನ್ನು ‘ಕ್ಲಬ್ ಫುಟ್’ ಎನ್ನುತ್ತಾರೆ. ಗೊರಸಿನ ಮುಂಭಾಗ ನೆಲದೊಡನೆ ಮಾಡುವ ಕೋನ ಸಾಮಾನ್ಯವಾಗಿ 50ರಿಂದ 55 ಡಿಗ್ರಿ. ಇಲ್ಲಿ ಅದು 60 ಡಿಗ್ರಿಯನ್ನು ದಾಟುತ್ತದೆ.

ನೋಡಿದೊಡನೆ ಹೊಳೆಯುವ ಪರಿಹಾರವೆಂದರೆ ಎತ್ತರದ ಹಿಮ್ಮಡಿಯನ್ನು ಕತ್ತರಿಸಿ ಎರಡೂ ಗೊರಸುಗಳನ್ನು ಸಮ ಮಾಡುವುದು. ಅಪಾಯವಿರುವುದೂ ಅಲ್ಲಿಯೇ. ದೋಷದ ಮೂಲ ಗೊರಸಲ್ಲ. ಕಾಲಿನ ಹಿಂಬದಿಯಲ್ಲಿ ಇಳಿದು ಗೊರಸಿನೊಳಗಿನ ಮೂಳೆಯನ್ನು ಹಿಡಿದಿರುವ ಸ್ನಾಯುರಜ್ಜು. ಅದು ಬಿಗಿದಾಗ ಮೂಳೆ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಹಿಮ್ಮಡಿಯನ್ನು ಒಮ್ಮೆಲೇ ತಗ್ಗಿಸಿದರೆ ಸೆಳೆತ ಇನ್ನಷ್ಟು ಹೆಚ್ಚಿ, ಮೂಳೆಯನ್ನೂ ಗೊರಸಿನ ಗೋಡೆಯನ್ನೂ ಬೆಸೆದಿರುವ ಪದರಗಳು ಹರಿಯುತ್ತವೆ. ಗೊರಸಿನ ತುದಿಯಲ್ಲಿ ಬಿರುಕು, ಸೋಂಕು, ಕೊನೆಗೆ ಮೂಳೆಯ ಸವೆತ ಉಂಟಾಗುತ್ತದೆ.

ಕೆಲವು ಮರಿಗಳಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಅತಿಯಾದ ಆಹಾರದಿಂದಾಗುವ ವೇಗದ ಬೆಳವಣಿಗೆ, ಕಾಲುನೋವು ಇತರ ಕಾರಣಗಳು. ಉದ್ದ ಕಾಲು, ಗಿಡ್ಡ ಕುತ್ತಿಗೆಯ ಮರಿ ಮೇಯುವಾಗ ಸದಾ ಒಂದೇ ಮುಂಗಾಲನ್ನು ಹಿಂದಿಟ್ಟರೆ ಆ ಗೊರಸು ಕ್ರಮೇಣ ನೆಟ್ಟಗಾಗುವುದುಂಟು.

ಮರಿಯ ವಯಸ್ಸಿನಲ್ಲಿ ತಿದ್ದುಪಡಿ ಸುಲಭ. ಆಹಾರವನ್ನು ಹತೋಟಿಯಲ್ಲಿಟ್ಟು, ಕೆಲವು ವಾರಗಳಿಗೊಮ್ಮೆ ಹಿಮ್ಮಡಿಯನ್ನು ಸ್ವಲ್ಪಸ್ವಲ್ಪವೇ ಉಜ್ಜಿ ತಗ್ಗಿಸಲಾಗುತ್ತದೆ. ತುದಿ ಸವೆಯದಂತೆ ರಕ್ಷಣೆ ಕೊಡಲಾಗುತ್ತದೆ. ಇದರಿಂದ ಗುಣ ಕಾಣದಿದ್ದರೆ ಪಶುವೈದ್ಯರು ಸ್ನಾಯುರಜ್ಜುವಿಗೆ ಆಸರೆಯಾಗಿರುವ ಅಸ್ಥಿರಜ್ಜುವನ್ನು ಕತ್ತರಿಸಿ ಬಿಗಿತ ಸಡಿಲಿಸುತ್ತಾರೆ. ಈ ಶಸ್ತ್ರಚಿಕಿತ್ಸೆ ಒಂದು ವರ್ಷದೊಳಗಿನ ಮರಿಗಳಲ್ಲಿ ಹೆಚ್ಚು ಫಲಕಾರಿ.

ಬೆಳೆದ ಕುದುರೆಯಲ್ಲಿ ಗುರಿ ಬೇರೆ. ಗೊರಸಿನ ಆಕಾರ ಬದಲಿಸುವುದಕ್ಕಿಂತ ನೋವಿಲ್ಲದ ನಡಿಗೆ ಮುಖ್ಯ. ಮೊದಲು ಎಕ್ಸ್-ರೇ ತೆಗೆದು ಮೂಳೆಯ ಸ್ಥಿತಿ ಅರಿಯಬೇಕು. ಹಿಮ್ಮಡಿಯನ್ನು ಕೊಂಚ ತಗ್ಗಿಸಿದ ಮೇಲೆ ಅದು ನೆಲಕ್ಕೆ ತಾಗದಿದ್ದರೆ ಸ್ನಾಯುರಜ್ಜು ಅಷ್ಟು ಎಳೆತಕ್ಕೆ ಒಗ್ಗಿಲ್ಲವೆಂದು ಅರ್ಥ. ಆಗ ಲಾಳದ ಹಿಂಬದಿಯಲ್ಲಿ ಬೆಣೆಯಾಕಾರದ ಪಟ್ಟಿ ಇಟ್ಟು ಕಳೆದುಹೋದ ಎತ್ತರವನ್ನು ತುಂಬಿಕೊಡಬೇಕು. ಹೆಜ್ಜೆ ಎತ್ತುವಾಗ ಎಳೆತ ತಗ್ಗಲೆಂದು ಲಾಳದ ಮುಂತುದಿಯನ್ನು ದುಂಡಾಗಿಸಿ ತುಸು ಹಿಂದಕ್ಕೆ ಕೂರಿಸಲಾಗುತ್ತದೆ. 4ರಿಂದ 6 ವಾರಗಳಿಗೊಮ್ಮೆ ಗೊರಸು ತಿದ್ದುವುದು ಅಗತ್ಯ. ಎದುರಿನ ಗೊರಸು ಹಲವೊಮ್ಮೆ ಚಪ್ಪಟೆಯಾಗಿರುವುದರಿಂದ ಅದಕ್ಕೆ ಪ್ರತ್ಯೇಕ ಆರೈಕೆ ಬೇಕು.

ಗೊರಸು ಅಂದವಾಗಿಲ್ಲವೆಂದ ಮಾತ್ರಕ್ಕೆ ಕುದುರೆ ನಿರುಪಯೋಗಿಯಲ್ಲ. 1946ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ ಗೆದ್ದ ‘ಅಸಾಲ್ಟ್’ ಎಂಬ ಕುದುರೆಗೆ ‘ಕ್ಲಬ್ ಫುಟೆಡ್ ಕಾಮೆಟ್’ ಎಂಬ ಅಡ್ಡಹೆಸರಿತ್ತು. ಅದರ ಗೊರಸು ವಿಕಾರಗೊಂಡದ್ದು ಸ್ನಾಯುರಜ್ಜುವಿನ ದೋಷದಿಂದಲ್ಲ, ಮರಿಯಾಗಿದ್ದಾಗ ಚೂಪಾದ ವಸ್ತುವನ್ನು ತುಳಿದ ಗಾಯದಿಂದ. ನಡೆಯುವಾಗ ಕುಂಟುತ್ತಿದ್ದ ಆ ಕುದುರೆ ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕಿತು.

ಲಾಳ ಕಟ್ಟುವವರೂ ಪಶುವೈದ್ಯರೂ ಒಟ್ಟಾಗಿ, ಕುದುರೆ ಸಹಿಸುವಷ್ಟನ್ನೇ ತಿದ್ದಿದರೆ ನೆಟ್ಟಗಿನ ಗೊರಸೂ ವರ್ಷಗಟ್ಟಲೆ ದುಡಿಯಬಲ್ಲದು.