ಅರಿಶಿನದ ಹಾಳೆ, ಸೋಪಿನ ಹೂವು: ಏಳನೇ ತರಗತಿಯಲ್ಲೊಂದು ಶುಭಾಶಯ ಪತ್ರ

ಏಳನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠ ಮಾಡಿದವರಿಗೆ ಈ ಚಟುವಟಿಕೆ ಗೊತ್ತಿರುತ್ತದೆ. ಬಿಳಿ ಹಾಳೆಗೆ ಅರಿಶಿನ ಬಳಿದು ಒಣಗಿಸಿ, ಸೋಪಿನ ನೀರಿನಲ್ಲಿ ಹತ್ತಿಕಡ್ಡಿ ಅದ್ದಿ ಹೂವು ಬರೆದರೆ ಅದು ಕೆಂಪಾಗಿ ಮೂಡುತ್ತದೆ. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದಲ್ಲಿ ಇದು ಅಮ್ಮನ ಹುಟ್ಟುಹಬ್ಬಕ್ಕೆ ಕೊಡುವ ಕಾರ್ಡಾಗಿತ್ತು. ನನ್ನ ಬೋಧನಾಭ್ಯಾಸ ಬಂದದ್ದು ಜನವರಿಯಲ್ಲಿ. ಪಾಠ ಮೊದಲೇ ಮುಗಿದಿತ್ತು, ಪುನರಾವರ್ತನೆಗೆ ಎರಡು ಅವಧಿ ಸಿಕ್ಕಿತು. ಸಂಕ್ರಾಂತಿ ಹತ್ತಿರವಿದ್ದುದರಿಂದ ಊರಾಚೆಯ ವೃದ್ಧಾಶ್ರಮದ 31 ಮಂದಿಗೆ ಮಕ್ಕಳಿಂದಲೇ ಕಾರ್ಡು ಮಾಡಿಸಿ ಕೊಡೋಣ ಎಂದು ಪಾಠಯೋಜನೆ ಬರೆದೆ. ತರಗತಿಯಲ್ಲಿದ್ದವರು 38 ಮಕ್ಕಳು. ಮಿಕ್ಕ ಏಳು ಕಾರ್ಡು ಅಲ್ಲಿನ ಅಡುಗೆಯವರಿಗೂ ಆಯಾಗಳಿಗೂ ಆಯಿತು.

ಮೊದಲು ಮಾಡುವ ವಿಧಾನ ಹೇಳಿಬಿಡುತ್ತೇನೆ, ಏಕೆಂದರೆ ಪುಸ್ತಕದಲ್ಲಿ ಎರಡು ಸಾಲಿರುವ ಕೆಲಸ ತರಗತಿಯಲ್ಲಿ ಅಷ್ಟು ಸಲೀಸಾಗಿ ಆಗುವುದಿಲ್ಲ. ಮನೆಯಲ್ಲಿ ಪ್ರಯತ್ನಿಸಿದಾಗ ಅರಿಶಿನವನ್ನು ಗಟ್ಟಿಯಾಗಿ ಕಲಸಿ ಬಳಿದೆ. ಒಣಗಿದ ಮೇಲೆ ಅದು ಬಿರುಕು ಬಿಟ್ಟು ಪುಡಿಪುಡಿಯಾಗಿ ಮಡಿಲಿಗೆ ಉದುರಿತು. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ಹಾಗೇ ಹಾಳೆಯ ಮೇಲೆ ಕೂತಿರುತ್ತದೆ. ಸ್ಪಿರಿಟ್‌ನಲ್ಲಿ ಕರಗುತ್ತದೆ ನಿಜ, ಆದರೆ ಬೆಂಕಿ ಹತ್ತುವ ವಸ್ತುವನ್ನು ಏಳನೆಯವರ ಕೈಗೆ ಕೊಡುವ ಧೈರ್ಯ ನನಗಿಲ್ಲ. ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ, ಬಟ್ಟೆಯ ತುಂಡಿನಿಂದ ಬಳಿದು, ಒಣಗಿದ ಮೇಲೆ ಒಣಹತ್ತಿಯಿಂದ ಒಮ್ಮೆ ಒರೆಸಿದರೆ ಸಾಕು. ಹಾಳೆಯ ಒಂದೇ ಬದಿಗೆ ಬಳಿಯಬೇಕು, ಒಳಗಡೆ ಬರೆಯಲು ಬಿಳಿಯಾಗಿಯೇ ಇರಲಿ. ಒಣಗಿಸುವುದು ನೆರಳಿನಲ್ಲಿ. ಬಿಸಿಲಿಗೆ ಕರ್ಕ್ಯುಮಿನ್ ಒಡೆದು ಬಣ್ಣ ಮಾಸುತ್ತದೆ. 40 ನಿಮಿಷದಲ್ಲಿ ಬಳಿದು, ಒಣಗಿಸಿ, ಬರೆಸುವುದು ಆಗದ ಮಾತು. ಮೊದಲ ದಿನ ಬಳಿಯುವುದು, ಮರುದಿನ ಚಿತ್ರ.

ಸಾಮಾನ್ಯ ಜೆರಾಕ್ಸ್ ಹಾಳೆ ಒದ್ದೆಯಾದರೆ ಮುದುರಿಕೊಳ್ಳುತ್ತದೆ, ಹಾಗಾಗಿ ದಪ್ಪ ಡ್ರಾಯಿಂಗ್ ಹಾಳೆ ತಂದೆ. ಎ4 ಹಾಳೆಯನ್ನು ಎರಡು ಮಾಡಿ, ಪ್ರತಿ ಅರ್ಧವನ್ನೂ ಮಡಚಿದರೆ ಎರಡು ಕಾರ್ಡು. 19 ಹಾಳೆಯಲ್ಲಿ ಎಲ್ಲ ಮುಗಿಯಿತು. ಎಷ್ಟು ಸಲ ಮಡಚಿದರೂ ಹಾಳೆಯ ಆಕಾರ ಬದಲಾಗುವುದಿಲ್ಲ ಎಂದು ಒಬ್ಬ ಹುಡುಗಿ ತಾನಾಗಿಯೇ ಗಮನಿಸಿದಳು. ಬಿಎಸ್ಸಿಯಲ್ಲಿ ಗಣಿತ ಓದಿದ ನನಗೆ ಅಗಲಕ್ಕೂ ಉದ್ದಕ್ಕೂ ಇರುವ 1:√2 ಅನುಪಾತ ಹೇಳಲು ನಾಲಿಗೆ ತುರಿಸಿತು. ಅವಧಿ ಮುಗಿಯುತ್ತಿತ್ತು, ತಡೆದುಕೊಂಡೆ.

ಎರಡನೇ ದಿನ ಸೋಪು, ಅಡುಗೆ ಸೋಡ, ಬಟ್ಟೆ ಸೋಡ ಇಟ್ಟಿದ್ದೆ. ಅಡುಗೆ ಸೋಡದಲ್ಲಿ ಬರೆದದ್ದು ಮಂದವಾಗಿ ಬಂತು. ಬಟ್ಟೆ ಸೋಡದಲ್ಲಿ ಗಾಢ ಕೆಂಪು (ಇದನ್ನು ತುಂಬ ತೆಳುವಾಗಿ ಕರಗಿಸಿ ಕೊಡಬೇಕು, ಆಮೇಲೆ ಕೈ ತೊಳೆಸಬೇಕು). ಒಬ್ಬ ಮನೆಯಿಂದ ಶಾಂಪೂ ಪ್ಯಾಕೆಟ್ ತಂದಿದ್ದ. ಎಷ್ಟು ತಿಕ್ಕಿದರೂ ಹಾಳೆ ಹಳದಿಯೇ. "ಇದು ಡೂಪ್ಲಿಕೇಟ್ ಶಾಂಪೂ ಮಿಸ್" ಎಂದ. ನೊರೆ ಬಂದದ್ದೆಲ್ಲ ಪ್ರತ್ಯಾಮ್ಲ ಎಂದು ತರಗತಿಯ ಅರ್ಧದಷ್ಟು ಮಕ್ಕಳು ನಂಬಿದ್ದರೆಂದು ನನಗೆ ತಿಳಿದದ್ದು ಆಗಲೇ. ನನ್ನ ಪಾಠಯೋಜನೆಯಲ್ಲಿ ಇಲ್ಲದ ಚರ್ಚೆ ಅಲ್ಲಿಂದ ಶುರುವಾಯಿತು, ಅದೇ ಆ ಅವಧಿಯ ಒಳ್ಳೆಯ ಭಾಗ. ಗೀಟು ತಪ್ಪಿದಾಗ ನಿಂಬೆರಸ ಸವರಿದರೆ ಕೆಂಪು ಮತ್ತೆ ಹಳದಿಯಾಗುವುದನ್ನು ಕಂಡು ಅದಕ್ಕೆ ‘ನಿಂಬೆ ರಬ್ಬರ್’ ಎಂದು ಹೆಸರಿಟ್ಟರು. ಹಿಂದಿನ ಬೆಂಚಿನಿಂದ ಒಬ್ಬಳು, "ಆರತಿ ನೀರಿಗೆ ನಮ್ಮಜ್ಜಿ ಅರಿಶಿನಕ್ಕೆ ಸುಣ್ಣ ಹಾಕೋದು ಇದಕ್ಕೇನಾ?" ಎಂದಳು. ಓಕುಳಿ ನೀರು ಪ್ರತಿ ಮನೆಯಲ್ಲೂ ಇರುವ ಸೂಚಕ. ಅದನ್ನು ಪಾಠದ ಪ್ರಾರಂಭದಲ್ಲೇ ಬಳಸಿಕೊಳ್ಳಬೇಕಿತ್ತು.

ಇನ್ನು ನಾನು ಎಡವಿದ ಜಾಗ. ಮೊದಲ ದಿನ ಕಪ್ಪುಹಲಗೆಯ ಮೇಲೆ ‘ನಿರ್ಗತಿಕರಿಗೆ ಶುಭಾಶಯ ಪತ್ರ’ ಎಂದು ದೊಡ್ಡದಾಗಿ ಬರೆದಿದ್ದೆ. ಮಕ್ಕಳು ಕರಡು ಬರೆದು ತಂದರು. ‘ನಿಮ್ಮ ಮಕ್ಕಳು ನಿಮ್ಮನ್ನು ಬಿಟ್ಟರೂ ದೇವರು ಬಿಡುವುದಿಲ್ಲ’, ‘ಪಾಪ ನಿಮಗೆ ಯಾರೂ ಇಲ್ಲ’. ಕೈಬರಹ ಚೆನ್ನಾಗಿದೆ ಎಂದು ಎರಡಕ್ಕೆ ಸಹಿಯನ್ನೂ ಹಾಕಿದೆ. ಹಾಸ್ಟೆಲ್‌ನಿಂದ ಬರುವ ಒಬ್ಬ ಹುಡುಗ ಮಾತ್ರ ಖಾಲಿ ಹಾಳೆ ಹಿಡಿದು ಕೂತಿದ್ದ. ಯಾಕೆಂದು ಕೇಳಿದೆ.

"ಹೋದ ವರ್ಷ ನಮ್ಮ ಹಾಸ್ಟೆಲ್‌ಗೂ ಯಾರೋ ಕಾರ್ಡ್ ತಂದ್ಕೊಟ್ಟಿದ್ರು ಮಿಸ್. ಮೇಲೆ ‘ಬಡ ಮಕ್ಕಳಿಗೆ’ ಅಂತ ಬರೆದಿತ್ತು."

"ನೀನೇನು ಮಾಡಿದೆ ಅದನ್ನ?"

"ಪೆಟ್ಟಿಗೆ ಅಡಿಗೆ ಇಟ್ಟೆ. ಯಾರಿಗೂ ತೋರಿಸ್ಲಿಲ್ಲ."

ಆ ತರಗತಿಯಲ್ಲಿ ಹಾಸ್ಟೆಲ್ ಮಕ್ಕಳು ಆರು ಜನ. ಅವರ ಎದುರಿಗೇ ನಾನು ಆ ಶೀರ್ಷಿಕೆ ಬರೆದಿದ್ದೆ. ಅದನ್ನು ಅಳಿಸಿದೆ. ಸಂಜೆ ಮಾರ್ಗದರ್ಶಕ ಶಿಕ್ಷಕಿಯವರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಅಲ್ಲಿಗೆ ಒಂದು ಸಲ ಹೋಗಿ ಬಂದಿದ್ದೀಯೇನಮ್ಮ?" ಎಂದಷ್ಟೇ ಕೇಳಿದರು. ಹೋಗಿರಲಿಲ್ಲ. ಫೋನಿನಲ್ಲಿ ಸಂಖ್ಯೆ ಕೇಳಿದ್ದೆ, ಅಷ್ಟೇ.

ಶನಿವಾರ ಹೋದೆ. ಅಲ್ಲಿನ ಮೇಲ್ವಿಚಾರಕರು ಹೇಳಿದ್ದನ್ನೆಲ್ಲ ಕಾಲೇಜಿನಲ್ಲಿ ಕೂತು ಊಹಿಸಲು ನನ್ನಿಂದ ಆಗುತ್ತಿರಲಿಲ್ಲ. ಬಹಳ ಜನಕ್ಕೆ ಕಣ್ಣು ಮಂಜು, ಅಕ್ಷರ ದೊಡ್ಡದಿರಬೇಕು. ಚಮಕಿ ಬೇಡ, ಹಾಸಿಗೆಯ ಮೇಲೆಲ್ಲ ಉದುರುತ್ತದೆ. ಕೆಲವರಿಗೆ ಓದಲು ಬರುವುದಿಲ್ಲ, ಅವರಿಗೆ ಓದಿ ಹೇಳುವವರು ಬೇಕು. ಮುಖ್ಯವಾಗಿ, ಎಲ್ಲರಿಗೂ ಯಾರೂ ಇಲ್ಲದಿಲ್ಲ. ತಿಂಗಳಿಗೊಮ್ಮೆ ಮಗಳು ಬಂದು ಹೋಗುವವರಿದ್ದಾರೆ, ತಾವೇ ಆರಿಸಿಕೊಂಡು ಬಂದವರಿದ್ದಾರೆ. ಎಲ್ಲರ ಹೆಸರಿನ ಪಟ್ಟಿ ಕೊಟ್ಟರು.

ಸೋಮವಾರ ಮಕ್ಕಳಿಗೆ ಎರಡೇ ಮಾತು ಹೇಳಿದೆ. ನಿಮ್ಮ ಬಗ್ಗೆ ಒಂದು ಸಂಗತಿ ಬರೆಯಿರಿ, ಅವರನ್ನು ಒಂದು ಪ್ರಶ್ನೆ ಕೇಳಿ. ಕಾರ್ಡಿನ ಮೇಲೆ ಹೆಸರು ಹಾಕಿ ‘ಅಜ್ಜನಿಗೆ’, ‘ಅಜ್ಜಿಗೆ’ ಎಂದಷ್ಟೇ ಇತ್ತು. ‘ನಮ್ಮ ಮನೆ ಹಸು ಕರು ಹಾಕಿದೆ. ಇನ್ನೂ ಹೆಸರು ಇಟ್ಟಿಲ್ಲ. ನೀವೊಂದು ಹೇಳಿ’ ಎಂದು ಒಬ್ಬ ಬರೆದ. ‘ನಿಮ್ಮ ಕಾಲದಲ್ಲಿ ಲೆಕ್ಕದ ಮೇಷ್ಟ್ರು ಹೊಡೀತಿದ್ರಾ?’ ಎಂದು ಇನ್ನೊಬ್ಬಳು. ಹಾಸ್ಟೆಲ್ ಹುಡುಗ ತನಗೆ ಕಬಡ್ಡಿಯಲ್ಲಿ ಬಂದ ಬಹುಮಾನದ ಬಗ್ಗೆ ನಾಲ್ಕು ಸಾಲು ಬರೆದ. ಮಕ್ಕಳ ವಿಳಾಸ, ಫೋನ್ ನಂಬರ್ ಹಾಕಿಸಲಿಲ್ಲ. ಮೊದಲ ಹೆಸರು, ಶಾಲೆಯ ಹೆಸರು ಮಾತ್ರ.

ತಾಂತ್ರಿಕವಾಗಿ ಒಂದು ತೊಂದರೆ ಉಳಿಯಿತು. ಮೊದಲೇ ಬರೆದಿಟ್ಟ ಹೂವುಗಳು ನಾಲ್ಕೈದು ದಿನದಲ್ಲಿ ಕಂದು ತಿರುಗಿದವು. ಪ್ರತ್ಯಾಮ್ಲದಲ್ಲಿ ಕರ್ಕ್ಯುಮಿನ್ ಬಹಳ ಹೊತ್ತು ಬಾಳುವುದಿಲ್ಲ. ಸ್ಕೆಚ್ ಪೆನ್ನಿನಲ್ಲಿ ಅಂಚು ಎಳೆದಿದ್ದವರ ಚಿತ್ರ ಮಾತ್ರ ಗುರುತು ಸಿಗುವಂತಿತ್ತು. ಉಳಿದವರು ಹೊರಡುವ ಹಿಂದಿನ ದಿನ ಮತ್ತೆ ತಿದ್ದಿದರು. ಮುಂದೆ ಮಾಡುವವರು ಚಿತ್ರವನ್ನು ಕೊನೆಯ ದಿನಕ್ಕೇ ಇಟ್ಟುಕೊಳ್ಳಿ. ಒಂದು ಹಾಳೆಯನ್ನು ಕಿಟಕಿಯ ಬಿಸಿಲಿನಲ್ಲೂ ಇನ್ನೊಂದನ್ನು ಪುಸ್ತಕದೊಳಗೂ ಇಟ್ಟು ಹೋಲಿಸಲು ಬಿಟ್ಟರೆ ಅದೇ ಇನ್ನೊಂದು ಪ್ರಯೋಗ. ಮೌಲ್ಯಮಾಪನಕ್ಕೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಒಲೆಬೂದಿ ನೆನೆಸಿದ ನೀರಿನಲ್ಲಿ ಬರೆದರೆ ಏನಾಗುತ್ತದೆ, ಯಾಕೆ? ‘ಕೆಂಪು’ ಎಂದು ಬಹಳ ಜನ ಬರೆದರು, ಕಾರಣ ಬರೆದವರು ಕಡಿಮೆ. ಚಿತ್ರ ಚೆನ್ನಾಗಿ ಬಂದಾಕ್ಷಣ ಪಾಠ ತಲುಪಿತು ಎಂದು ನಾನು ತಿಳಿದದ್ದು ತಪ್ಪು.

ಕಾರ್ಡು ಕೊಡುವಾಗ ಫೋಟೊ ತೆಗೆಯಲಿಲ್ಲ. ‘ದಾಖಲೆಗೆ ಫೋಟೊ ಎಲ್ಲಿ?’ ಎಂಬ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಬಂತು ಕೂಡ. ಕಡತದಲ್ಲಿ ಕಾರ್ಡುಗಳ ಫೋಟೊ ಮಾತ್ರ ಅಂಟಿಸಿದ್ದೇನೆ. ಕೈಚಾಚಿ ಪಡೆಯುತ್ತಿರುವ ಮುಖದ ಚಿತ್ರ ಇಲ್ಲದೆಯೂ ಚಟುವಟಿಕೆ ನಡೆದಿದೆ ಎಂದು ಒಪ್ಪುವ ಕ್ರಮ ನಮ್ಮ ಕಾಲೇಜುಗಳಲ್ಲಿ ಬರಬೇಕು ಎಂಬುದು ನನ್ನ ಅಭಿಪ್ರಾಯ.

ಹತ್ತು ದಿನದ ಮೇಲೆ ಮೇಲ್ವಿಚಾರಕರು ಶಾಲೆಗೆ ಒಂದು ಲಕೋಟೆ ಕಳುಹಿಸಿದರು, ಒಳಗೆ ಒಂಬತ್ತು ಉತ್ತರಗಳು. ಮೂರು ಅಜ್ಜಿಯರು ಹೇಳಿ ಬರೆಸಿದ್ದರು. ಕರುವಿನ ಹುಡುಗನಿಗೂ ಒಂದಿತ್ತು, ನಡುಗುವ ಕೈಬರಹದಲ್ಲಿ. ‘ಹೆಣ್ಣುಗರುವೋ ಹೋರಿಗರುವೋ ಬರೆದೇ ಇಲ್ಲವಲ್ಲ ಮಗ, ಹೆಸರು ಹೆಂಗೆ ಹೇಳಲಿ?’ ಹುಡುಗ ಅದನ್ನು ಓದಿ, ಅರಿಶಿನದ ಹಾಳೆ ಇನ್ನೊಂದು ಉಳಿದಿದೆಯಾ ಮಿಸ್ ಎಂದು ಕೇಳಿದ.