ಆಟದ ನಿಯಮ ಮಾಡಿದವರು ಯಾರು?



ಪರೀಕ್ಷೆ ಮುಗಿದೊಡನೆ ನಿಮ್ಮ ಕೈಗೆ ಬರುವುದು ಮೊಬೈಲು; ಅದರಲ್ಲಿ ಮೊದಲು ತೆರೆಯುವುದು ಆಟ. "ದಿನವಿಡೀ ಅದೇನು ಆಟ?" ಎಂದು ಮನೆಯಲ್ಲಿ ಬೈಸಿಕೊಳ್ಳುವುದೂ ನಿಮಗೆ ಹೊಸದಲ್ಲ. ಹೆದರಬೇಡಿ, ನಾನು ಬೈಯಲು ಬಂದಿಲ್ಲ. ಆಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ ಎಂದಷ್ಟೇ ನನ್ನ ವಿನಂತಿ: ನನಗೀಗ ಆಗುತ್ತಿರುವ ಸಂತೋಷ, ಭಯ, ಸಿಟ್ಟು ಇವನ್ನು ಮೊದಲೇ ಯೋಚಿಸಿಟ್ಟವರು ಯಾರು?

ನಮ್ಮ ಪುಣೆಯದೇ ಉದಾಹರಣೆ ನೋಡೋಣ. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ಸಂಸ್ಥೆ 2020ರಲ್ಲಿ 'ರಾಜಿ: ಆನ್ ಏನ್ಷಿಯಂಟ್ ಎಪಿಕ್' ಎಂಬ ವಿಡಿಯೋ ಆಟವನ್ನು ಹೊರತಂದಿತು. 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸಲು ಹೊರಟಾಗ ಗುರಿ ಮುಟ್ಟಿರಲಿಲ್ಲ. ಆದರೂ ಅವರು ಕೈಬಿಡಲಿಲ್ಲ. 2020ರ 'ದಿ ಗೇಮ್ ಅವಾರ್ಡ್ಸ್'ನಲ್ಲಿ ಚೊಚ್ಚಲ ಆಟಗಳ ಪ್ರಶಸ್ತಿಗೆ ಅದು ನಾಮನಿರ್ದೇಶನಗೊಂಡಿತು.

ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿಕೊಂಡು ಹೊರಟ ಹುಡುಗಿ ರಾಜಿ. ಈ ಆಟದಲ್ಲಿ ಕ್ಯಾಮೆರಾ ತಿರುಗಿಸುವ ಅಧಿಕಾರ ನಿಮಗಿಲ್ಲ. ಅದು ದೂರ ಸರಿದು ಭಾರೀ ಕೋಟೆಯನ್ನು ತೋರಿಸಿದಾಗ ರಾಜಿ ಇರುವೆಯಷ್ಟು ಕಾಣುತ್ತಾಳೆ. "ಇಷ್ಟು ದೊಡ್ಡ ಜಾಗದಲ್ಲಿ ಒಬ್ಬಳೇ!" ಎಂದು ನಿಮಗನಿಸಿದರೆ, ಅದು ಕ್ಯಾಮೆರಾ ಇಟ್ಟವರ ಕೆಲಸ. ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಅವರ ಮಾತು ಕೇಳಿಸುತ್ತಿರುವುದರಿಂದ ಒಂಟಿತನದ ನಡುವೆಯೂ ಯಾರೋ ನೋಡುತ್ತಿದ್ದಾರೆ ಎಂಬ ಧೈರ್ಯ. ಕಥೆಯ ಕೆಲವು ಭಾಗಗಳು ನಮ್ಮ ತೊಗಲುಗೊಂಬೆ ಆಟವನ್ನು ನೆನಪಿಸುವ ನೆರಳುಚಿತ್ರಗಳಲ್ಲಿ ಬರುತ್ತವೆ.

ಇಂಥ ಲೆಕ್ಕಾಚಾರ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ನಿಮ್ಮ ಅಜ್ಜಿಯ ಊರಿನ ಚೌಕಾಬಾರವನ್ನೇ ತೆಗೆದುಕೊಳ್ಳಿ. ನಿಮ್ಮ ಮರಾಠಿ ಗೆಳೆಯರ ಮನೆಯಲ್ಲಿ ಅದು 'ಚಲ್ಲಸ್ ಆಠ್'. ಐದೈದರ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆ ಬೀಳುವ ರೀತಿಗಳು 16. ಎರಡು ಅಂಗಾತ ಬೀಳಲು ಆರು ದಾರಿ. ನಾಲ್ಕೂ ಅಂಗಾತ ಬಿದ್ದು ಚೌಕವಾಗಲು ಒಂದೇ ದಾರಿ, ನಾಲ್ಕೂ ಬೋರಲು ಬಿದ್ದು ಎಂಟಾಗಲೂ ಒಂದೇ. ಅಪರೂಪದ ಗರಕ್ಕೆ ಇನ್ನೊಮ್ಮೆ ಕವಡೆ ಹಾಕುವ ಬಹುಮಾನ ಬೇರೆ! ಅದಕ್ಕೇ ಭಾರ ಬಿದ್ದಾಗ ಆ ಕೂಗಾಟ.

ಅನೇಕ ಮನೆಗಳಲ್ಲಿ ಇನ್ನೊಂದು ನಿಯಮವಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ಒಳಗೆ ಹೋಗದೆ ಕಾಯಿ ಹಣ್ಣಾಗುವಂತಿಲ್ಲ. ಈ ನಿಯಮವಿಲ್ಲದಿದ್ದರೆ ಎಲ್ಲರೂ ಕಟ್ಟೆಯಿಂದ ಕಟ್ಟೆಗೆ ಹುಷಾರಾಗಿ ಓಡುತ್ತಾರೆ. ಇದ್ದರೆ, ಯಾರಿಗೂ ಗಟ್ಟಿ ಮಾತಾಡದ ಅತ್ತೆಯೂ ನಿಮ್ಮ ಕಾಯಿಗೆ ಹೊಂಚು ಹಾಕಿ ಕೂರುತ್ತಾರೆ. ಅತ್ತೆ ಅದೇ ಅತ್ತೆ. ಬದಲಾದದ್ದು ಒಂದು ನಿಯಮ.

ಚೌಕಾಬಾರದಲ್ಲಿ ನಿಯಮ ಮಾಡುವವರು ನಿಮ್ಮ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಿರುತ್ತಾರೆ. "ಇದು ಅನ್ಯಾಯ" ಎಂದು ಜಗಳವಾಡಬಹುದು, ಊಟದ ಹೊತ್ತಿಗೆ ಎದ್ದು ಹೋಗಬಹುದು. ರಾಜಿಯ ಕಥೆಗೂ ಒಂದು ಕೊನೆಯಿದೆ. ಆದರೆ ಮೊಬೈಲಿನ ಎಷ್ಟೋ ಆಟಗಳಿಗೆ ಕೊನೆಯೇ ಇಲ್ಲ. ದಿನವೂ ಬಂದರೆ ಉಡುಗೊರೆ, ತಪ್ಪಿಸಿದರೆ ನಷ್ಟ. ಜೀವ ಮುಗಿದರೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ಹಣ ತೆತ್ತು ಒಡೆಯಬೇಕು. ಈ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ಒಳಪಡುತ್ತವೆ ಎಂದು ಬೆಲ್ಜಿಯಂ 2018ರಲ್ಲಿ ಹೇಳಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಮಿಕ್ಕ ಆಟಗಳ ವಿಷಯದಲ್ಲಿ ಎಚ್ಚರ ನಿಮ್ಮದೇ.

ಅದಕ್ಕೊಂದು ಸುಲಭ ಅಭ್ಯಾಸ ಹೇಳುತ್ತೇನೆ. ಈ ಭಾನುವಾರ ನೆಲದ ಮೇಲೆ ಸೀಮೆಸುಣ್ಣದಿಂದ 25 ಮನೆ ಬರೆಯಿರಿ. ಅಜ್ಜ ಅಜ್ಜಿಗೆ ಫೋನು ಮಾಡಿ, ಅವರ ಮನೆಯ ನಿಯಮಗಳನ್ನು ಕನ್ನಡದಲ್ಲೇ ಕೇಳಿ ಬರೆದುಕೊಳ್ಳಿ. ಒಂದು ಆಟ ಆಡಿ. ಆಮೇಲೆ ಒಂದೇ ಒಂದು ನಿಯಮ ಬದಲಿಸಿ ಮತ್ತೆ ಆಡಿ. ಯಾರು ನಗುತ್ತಾರೆ, ಯಾರು ಮುನಿಸಿಕೊಳ್ಳುತ್ತಾರೆ ನೋಡಿ. ಮರುದಿನ ಮೊಬೈಲು ತೆಗೆದಾಗ, "ಇನ್ನೊಂದೇ ಆಟ" ಎನ್ನುತ್ತಿರುವುದು ನೀವೋ ಅಥವಾ ನಿಯಮ ಮಾಡಿದವರೋ ಎಂಬುದು ನಿಮಗೇ ತಿಳಿದೀತು.